ಕೋರ್ಟ್ ಜಗಳವಿಲ್ಲದೆ ಬೇರೆಯಾಗುವುದು ಹೇಗೆ: ಮಾತುಕತೆಯಿಂದ ಮ್ಯೂಚುಯಲ್ ಡೈವೋರ್ಸ್‌ವರೆಗೆ, ಹೆಜ್ಜೆ ಹೆಜ್ಜೆಯಾಗಿ

ನನ್ನ ತಮ್ಮನ ಡೈವೋರ್ಸ್ ಕೇಸು ಎರಡೂವರೆ ವರ್ಷ ನಡೆಯಿತು. ಹೆಚ್ಚುಕಡಿಮೆ ಎಲ್ಲ ವಾಯಿದೆಗೂ ನಾನು ಅವನ ಜೊತೆ ಹೋಗಿದ್ದೇನೆ. ಬೆಳಗ್ಗೆಯೇ ಹೋಗಿ ಕೋರ್ಟ್ ಹಾಲ್ ಹೊರಗೆ ನಿಲ್ಲುವುದು, ಹೆಸರು ಕೂಗುವವರೆಗೆ ಕಾಯುವುದು, ಎರಡು ನಿಮಿಷದಲ್ಲಿ ಮುಂದಿನ ಡೇಟ್ ಬರೆದುಕೊಂಡು ವಾಪಸ್ ಬರುವುದು. ಆ ಕಡೆ ಬೆಂಚಿನಲ್ಲಿ ಅವಳ ಅಪ್ಪ ಅಮ್ಮ, ಈ ಕಡೆ ನಾವು. ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡವರು ಮುಖ ತಿರುಗಿಸಿಕೊಂಡು ಕೂತಿರುತ್ತಿದ್ದೆವು. ಕೊನೆಗೆ ಅದು ಮುಗಿದದ್ದು ಮೀಡಿಯೇಷನ್‌ನಲ್ಲಿ, ಅಂದರೆ ಮಧ್ಯಸ್ಥರೊಬ್ಬರ ಮುಂದೆ ಇಬ್ಬರೂ ಕೂತು ಮಾತಾಡಿ, ಐದು ಸಿಟಿಂಗ್‌ಗಳಲ್ಲಿ. ಅಲ್ಲಿ ಒಪ್ಪಿಕೊಂಡ ಮಾತುಗಳಲ್ಲಿ ಒಂದೂ ಹೊಸದಿರಲಿಲ್ಲ. ಎಲ್ಲವನ್ನೂ ಮೊದಲ ತಿಂಗಳೇ ಮಾತಾಡಿ ಮುಗಿಸಬಹುದಿತ್ತು. ಅಷ್ಟು ಹೊತ್ತಿಗೆ ಅವನ ಮಗಳು ಯುಕೆಜಿಯಿಂದ ಎರಡನೇ ಕ್ಲಾಸಿಗೆ ಬಂದಿದ್ದಳು.

ಅಂದಿನಿಂದ ನೆಂಟರು, ಸ್ನೇಹಿತರು, ಪರಿಚಯದವರ ಪರಿಚಯದವರು ಫೋನ್ ಮಾಡಿ ಕೇಳುತ್ತಾರೆ: "ಅಕ್ಕಾ, ಕೋರ್ಟಿಗೆ ಹೋಗದೆ ಇದನ್ನು ಮುಗಿಸೋಕೆ ಆಗುತ್ತಾ?" ಕೋರ್ಟಿಗೆ ಹೋಗದೆ ಡೈವೋರ್ಸ್ ಆಗುವುದಿಲ್ಲ, ಆದರೆ ಕೋರ್ಟಿನಲ್ಲಿ ಜಗಳ ಆಡದೆ ಖಂಡಿತ ಆಗುತ್ತದೆ. ಇಬ್ಬರೂ ಒಪ್ಪಿ ಪಡೆಯುವ ಇದನ್ನೇ ಮ್ಯೂಚುಯಲ್ ಡೈವೋರ್ಸ್ ಎನ್ನುತ್ತಾರೆ. ನಾನು ಲಾಯರ್ ಅಲ್ಲ. ಕಾಗದ ಬರೆಸುವಾಗ ನಿಮಗೆ ಲಾಯರ್ ಬೇಕೇ ಬೇಕು. ಆದರೆ ಅವರ ಆಫೀಸಿಗೆ ಹೋಗುವ ಮುಂಚೆ ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎನ್ನುವುದನ್ನು ನಮ್ಮ ಅನುಭವದಿಂದ ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮುಂಚೆ: ಭಯ ಇದೆಯಾ?

ಇದನ್ನು ಮೊದಲೇ ಹೇಳಿಬಿಡಬೇಕು. ಹೊಡೆತ ಬಡಿತ ಇರುವ ಮನೆಯಲ್ಲಿ, "ಬೇಡ" ಎಂದರೆ ಏನಾಗುತ್ತದೋ ಎಂದು ಹೆದರುವ ಕಡೆ ಮಾತುಕತೆಗೆ ಕೂರಬೇಡಿ. ಭಯದಲ್ಲಿ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಲಾಗುವುದಿಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ತುರ್ತಾದರೆ 112, ಮಹಿಳಾ ಸಹಾಯವಾಣಿ 181. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ಇರುವ ಹಕ್ಕು, ಖರ್ಚಿಗೆ ಹಣ, ಎಲ್ಲವನ್ನೂ ಕೇಳಬಹುದು. ಇದಕ್ಕೆಂದೇ ರಕ್ಷಣಾಧಿಕಾರಿಗಳು ಇದ್ದಾರೆ. "ಕೇಸು ಹಾಕಿದರೆ ರಾಜಿ ಆಗುವುದಿಲ್ಲ" ಎಂದು ಮನೆಯವರು ತಡೆಯುತ್ತಾರೆ. ಅದು ಸುಳ್ಳು. ರಕ್ಷಣೆಯ ಆದೇಶ ಕೈಯಲ್ಲಿ ಇಟ್ಟುಕೊಂಡೇ ಆಮೇಲೆ ರಾಜಿಗೆ ಕೂತವರು ಇದ್ದಾರೆ.

ಇನ್ನು ಸಂಸಾರ ಉಳಿಯುವ ಹಾಗಿದ್ದರೆ ಉಳಿಸಿಕೊಳ್ಳಿ. ಒಳ್ಳೆಯ ಕೌನ್ಸೆಲರ್ ಹತ್ತಿರ ಇಬ್ಬರೂ ಹೋಗಿ ಬನ್ನಿ. ಊರುಗಳಲ್ಲಿ ಸಾಂತ್ವನ ಕೇಂದ್ರಗಳಿವೆ, ಬೆಂಗಳೂರಿನಲ್ಲಿ ಪೊಲೀಸ್ ಕಮಿಷನರ್ ಕಚೇರಿಯ ವನಿತಾ ಸಹಾಯವಾಣಿ ಇದೆ. ಮುಂದೆ ಬರೆದಿರುವುದು ಬೇರೆಯಾಗಲು ನಿರ್ಧರಿಸಿದವರಿಗೆ.

ಹೆಜ್ಜೆ 1: ಯಾರು ಕೂರಬೇಕು, ಯಾರು ಕೂರಬಾರದು

ನಮ್ಮಲ್ಲಿ ಏನಾದರೂ ಆದರೆ ಮೊದಲು ಹಿರಿಯರು ಸೇರುತ್ತಾರೆ. ಅದು ಒಳ್ಳೆಯದೇ. ಆದರೆ ತಮ್ಮನ ವಿಷಯದಲ್ಲಿ ಹದಿನಾಲ್ಕು ಜನ ಸೇರಿದ್ದರು. ಮದುವೆ ಮಾತಿನ ದಿನ ಯಾರು ಯಾರಿಗೆ ಕಾಫಿ ಕೊಡಲಿಲ್ಲ ಎನ್ನುವಲ್ಲಿಂದ ಶುರುವಾಗಿ ಮಧ್ಯಾಹ್ನದ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಬಾಯಿ ಮುಚ್ಚಿ ಕೂತಿದ್ದರು. ಮಾತಾಡಿದ್ದೆಲ್ಲ ಬೀಗರು ಬೀಗರೇ.

ಹಾಗಾಗಿ ನನ್ನ ಸಲಹೆ: ಗಂಡ, ಹೆಂಡತಿ, ಪ್ರತಿ ಕಡೆಯಿಂದ ಒಬ್ಬೊಬ್ಬರು. ಸಾಕು. ಆ ಒಬ್ಬರು ಸಿಟ್ಟು ಮಾಡಿಕೊಳ್ಳದವರಾಗಿರಲಿ. ಸೋದರಮಾವನೋ ಚಿಕ್ಕಮ್ಮನೋ ಇಬ್ಬರಿಗೂ ಬೇಕಾದ ಸ್ನೇಹಿತರೋ, ಯಾರಾದರೂ ಆಗಬಹುದು. ಅಪ್ಪ ಅಮ್ಮನಿಗೆ ನೋವು ಜಾಸ್ತಿ ಇರುತ್ತದೆ, ಮೊದಲ ಮಾತಿಗೆ ಅವರನ್ನು ಕೂರಿಸಬೇಡಿ. ಯಾರದ್ದೂ ಮನೆಯಲ್ಲದ ಜಾಗ ನೋಡಿ. "ಯಾಕೆ ಹೀಗಾಯಿತು" ಎನ್ನುವ ಮಾತನ್ನು ಅಂದು ಎತ್ತುವುದಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಿ. "ಮುಂದೆ ಹೇಗೆ" ಎನ್ನುವುದಷ್ಟೇ ಅಂದಿನ ವಿಷಯ. ಮಗುವಿದ್ದರೆ ಮಗು ಅಲ್ಲಿ ಇರಬಾರದು, ಪಕ್ಕದ ರೂಮಿನಲ್ಲೂ ಇರಬಾರದು.

ಇಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಹಳ್ಳಿಗಳಲ್ಲಿ ಈಗಲೂ ಐದು ಜನ ಸೇರಿ ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರ ಬರೆದು, ಇಬ್ಬರ ಸಹಿ ಹಾಕಿಸಿ, ಮದುವೆ ಮುರಿಯಿತು ಎನ್ನುತ್ತಾರೆ. ನೋಟರಿ ಸೀಲ್ ಇದ್ದರೂ ಅದು ಡೈವೋರ್ಸ್ ಅಲ್ಲ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು 1955ರ ಹಿಂದೂ ವಿವಾಹ ಕಾಯ್ದೆ ಉಳಿಸಿದೆ ನಿಜ, ಆದರೆ ಅಂಥ ರೂಢಿ ಇತ್ತು ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಆ ಪತ್ರ ನಂಬಿ ಇನ್ನೊಂದು ಮದುವೆಯಾದರೆ ಎರಡನೇ ಮದುವೆಯ ಅಪರಾಧ ತಲೆ ಮೇಲೆ ಬರಬಹುದು. ಹಿರಿಯರ ಮುಂದೆ ಆದ ಒಪ್ಪಂದವನ್ನು ಬರೆದಿಡಿ. ಆಮೇಲೆ ಅದನ್ನು ಕೋರ್ಟಿಗೆ ತೆಗೆದುಕೊಂಡು ಹೋಗಿ.

ಹೆಜ್ಜೆ 2: ನಿಮಗೆ ಯಾವ ಕಾನೂನು, ಎಷ್ಟು ಕಾಲ

ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ಡೈವೋರ್ಸ್ ಇರುವುದು 13ಬಿ ಕಲಮಿನಲ್ಲಿ. 1976ರ ತಿದ್ದುಪಡಿಯಲ್ಲಿ ಬಂದದ್ದು. ಅದರ ಪ್ರಕಾರ ಕನಿಷ್ಠ ಒಂದು ವರ್ಷ ಬೇರೆ ಇರಬೇಕು, ಇನ್ನು ಕೂಡಿ ಬಾಳಲು ಆಗುವುದಿಲ್ಲ ಎಂದು ಇಬ್ಬರೂ ಒಪ್ಪಿರಬೇಕು. "ಬೇರೆ" ಎಂದರೆ ಬೇರೆ ಮನೆಯೇ ಆಗಬೇಕಿಲ್ಲ. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳುತ್ತಿಲ್ಲದಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಬಾಡಿಗೆ ಜಾಸ್ತಿ ಇರುವ ಊರಿನಲ್ಲಿ ಇದು ಎಷ್ಟೋ ಜನಕ್ಕೆ ಉಪಯೋಗಕ್ಕೆ ಬರುವ ಮಾತು.

ರಿಜಿಸ್ಟ್ರಾರ್ ಮುಂದೆ 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾದವರಿಗೆ 28ನೇ ಕಲಮು, ನಿಯಮ ಹೆಚ್ಚುಕಡಿಮೆ ಇದೇ. ಕ್ರೈಸ್ತರಿಗೆ 1869ರ ಕಾಯ್ದೆಗೆ 2001ರಲ್ಲಿ ಸೇರಿಸಿದ 10ಎ ಕಲಮಿದೆ. ಮುಸ್ಲಿಮರಲ್ಲಿ ಇಬ್ಬರೂ ಒಪ್ಪಿ ಬೇರೆಯಾಗುವ ಮುಬಾರಾತ್ ಎನ್ನುವ ಕ್ರಮವೇ ಇದೆ. ಮುಂದೆ ತೊಂದರೆಯಾಗದಂತೆ ಅದಕ್ಕೂ ಫ್ಯಾಮಿಲಿ ಕೋರ್ಟಿನ ಘೋಷಣೆ ಪಡೆದುಕೊಂಡರೆ ಒಳ್ಳೆಯದು.

ಆ ಒಂದು ವರ್ಷವನ್ನು ಸುಮ್ನೆ ಕಾಯುತ್ತಾ ಕಳೆಯಬೇಡಿ. ಮುಂದಿನ ಮೂರು ಹೆಜ್ಜೆಗಳಿಗೆ ಸಿಕ್ಕ ಸಮಯ ಅದು.

ಹೆಜ್ಜೆ 3: ಲೆಕ್ಕ ಬಿಚ್ಚಿಡುವುದು

ಹೆಚ್ಚಿನ ಜಗಳ ಹಣದ್ದಲ್ಲ, ಹಣದ ಬಗ್ಗೆ ಇರುವ ಅನುಮಾನದ್ದು. "ಅವನ ಹತ್ತಿರ ಇನ್ನೂ ಎರಡು ಸೈಟಿದೆ", "ಅವಳು ಸಂಬಳ ಕಡಿಮೆ ಹೇಳುತ್ತಿದ್ದಾಳೆ". ಇದು ಹೋಗಬೇಕಾದರೆ ಒಂದೇ ದಾರಿ, ಕಾಗದ ಮೇಜಿನ ಮೇಲೆ ಇಡುವುದು.

2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಜೀವನಾಂಶ ಕೇಳುವ ಕೇಸುಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಪೂರ್ತಿ ವಿವರವನ್ನು ಅಫಿಡವಿಟ್ ಮಾಡಿ ಕೊಡಬೇಕು ಎಂದು ಹೇಳಿ, ಅದರ ನಮೂನೆಯನ್ನೂ ತೀರ್ಪಿಗೇ ಲಗತ್ತಿಸಿತು. ನೀವು ಕೇಸು ಹಾಕದಿದ್ದರೂ ಆ ನಮೂನೆಯನ್ನು ಲಾಯರ್ ಹತ್ತಿರ ಕೇಳಿ ಪಡೆದು ಇಬ್ಬರೂ ತುಂಬಿ. ಅದಕ್ಕಿಂತ ಒಳ್ಳೆಯ ಪಟ್ಟಿಯನ್ನು ನಾನು ನೋಡಿಲ್ಲ.

ಜೊತೆಗೆ ಇಡಬೇಕಾದ್ದು: ಮೂರು ವರ್ಷದ ಇನ್‌ಕಮ್ ಟ್ಯಾಕ್ಸ್ ರಿಟರ್ನ್, ಸಂಬಳದ ಚೀಟಿ, ಎಲ್ಲ ಬ್ಯಾಂಕಿನ ಸ್ಟೇಟ್‌ಮೆಂಟ್, ಪಿಎಫ್ ಮತ್ತು ಎಲ್‌ಐಸಿ ವಿವರ, ಮನೆ ಸಾಲದ ಬಾಕಿ, ಸೈಟು ಜಮೀನಿನ ಪತ್ರಗಳು, ಪಹಣಿ, ಚಿನ್ನದ ಸಾಲ ಇದ್ದರೆ ಅದರ ರಸೀದಿ. ಚೀಟಿ ಹಣವನ್ನು ಮರೆಯಬೇಡಿ. ಅಪ್ಪನಿಂದ ಕೈಗಡ ತಂದದ್ದು, ಮದುವೆಗೆಂದು ಮಾಡಿದ ಸಾಲ, ಅದೂ ಬರಲಿ. ಮಗುವಿನ ಒಂದು ತಿಂಗಳ ಖರ್ಚನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಫೀಸು, ವ್ಯಾನ್, ಡಾಕ್ಟರ್, ಟ್ಯೂಷನ್, ಬಟ್ಟೆ, ಹುಟ್ಟುಹಬ್ಬ. ನನ್ನ ತಮ್ಮ ಮತ್ತು ಅವನ ಹೆಂಡತಿ ಇದನ್ನು ಬೇರೆ ಬೇರೆ ಕೂತು ಬರೆದರು. ಇಬ್ಬರ ಲೆಕ್ಕದಲ್ಲಿ ವ್ಯತ್ಯಾಸ ಬಂದದ್ದು ತಿಂಗಳಿಗೆ ಎಂಟುನೂರು ರೂಪಾಯಿ. ಎರಡು ವರ್ಷ ಯಾವ ವಿಷಯಕ್ಕೆ ಕೂಗಾಡಿದ್ದೆವೋ ಆ ವಿಷಯ ಅಷ್ಟು ಚಿಕ್ಕದಾಗಿತ್ತು.

ಹೆಜ್ಜೆ 4: ಮಗುವಿನ ಮಾತು ಮೊದಲು

ಹಣದ ಮಾತಿಗಿಂತ ಮುಂಚೆ ಇದನ್ನು ಮುಗಿಸಿ. ಹಣದ ಮಾತಿನಲ್ಲಿ ಮನಸ್ಸು ಕೆಟ್ಟರೆ ಮಗುವಿನ ಭೇಟಿಯನ್ನೇ ಚೌಕಾಸಿಗೆ ಇಡುತ್ತಾರೆ. "ಇಷ್ಟು ಕೊಟ್ಟರೆ ಮಗು ತೋರಿಸುತ್ತೇನೆ" ಎನ್ನುವ ಮಾತು ಒಂದು ಸಲ ಬಾಯಿಂದ ಬಂದರೆ ವಾಪಸ್ ತೆಗೆದುಕೊಳ್ಳುವುದು ತುಂಬ ಕಷ್ಟ.

ಕಾನೂನಿನಲ್ಲಿ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಎಂದಿದೆ. ಅದು ಬಿಟ್ಟರೆ ನ್ಯಾಯಾಧೀಶರು ನೋಡುವುದು ಮಗುವಿನ ಹಿತವನ್ನು. ಗಂಡ ಹೆಂಡತಿಯ ಹಕ್ಕು ಆಮೇಲಿನದು. ಮಗುವಿಗೆ ಅಪ್ಪ ಅಮ್ಮ ಇಬ್ಬರ ಪ್ರೀತಿಯೂ ಸಿಗಬೇಕು, ದೂರ ಇರುವವರಿಗೆ ವಿಡಿಯೋ ಕಾಲ್‌ನಲ್ಲಾದರೂ ಮಾತಾಡುವ ಅವಕಾಶ ಇರಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

"ತಂದೆಗೆ ಭೇಟಿಯ ಹಕ್ಕು ಇರತಕ್ಕದ್ದು" ಎಂದು ಒಂದು ಸಾಲು ಬರೆದು ಬಿಡುವವರೇ ಹೆಚ್ಚು. ಅಷ್ಟಕ್ಕೆ ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಜಗಳ. ಬಿಡಿಸಿ ಬರೆಯಿರಿ. ಯಾವ ವಾರ, ಯಾವ ದಿನ, ಎಷ್ಟು ಗಂಟೆಗೆ, ಯಾರು ಕರೆದುಕೊಂಡು ಬರುವುದು, ಯಾರು ಬಿಡುವುದು. ಮಗುವಿಗೆ ಜ್ವರ ಬಂದರೆ ಆ ಭೇಟಿ ಯಾವ ದಿನಕ್ಕೆ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಎಷ್ಟು ದಿನ, ದಸರಾ ರಜೆಯಲ್ಲಿ ಎಷ್ಟು ದಿನ. ಯುಗಾದಿ ಈ ವರ್ಷ ಅಮ್ಮನ ಮನೆಯಾದರೆ ದೀಪಾವಳಿ ಅಪ್ಪನ ಮನೆ, ಮುಂದಿನ ವರ್ಷ ಅದಲುಬದಲು. ಊರ ಜಾತ್ರೆಗೆ ಕಳಿಸುವುದು ಉಂಟೋ ಇಲ್ಲವೋ. ಅಜ್ಜ ಅಜ್ಜಿ ಯಾವಾಗ ನೋಡಬಹುದು. ನಮ್ಮಮ್ಮ ಎರಡು ವರ್ಷ ಮೊಮ್ಮಗಳನ್ನು ನೋಡಿರಲಿಲ್ಲ. ಯಾರೂ ಬೇಕೆಂದು ತಡೆದಿರಲಿಲ್ಲ. ಯಾರೂ ಅದನ್ನು ಕೇಳಿರಲಿಲ್ಲ, ಅಷ್ಟೇ.

ಇನ್ನೂ ಕೆಲವು ವಿಷಯ ಮುಂದೆ ಕಾಡುತ್ತವೆ. ಶಾಲೆ ಬದಲಿಸುವುದನ್ನು ಯಾರು ತೀರ್ಮಾನಿಸುವುದು? ಆಪರೇಷನ್ ಬೇಕಾದರೆ? ಕಿವಿ ಚುಚ್ಚಿಸುವುದು, ಉಪನಯನ, ಇವಕ್ಕೆ ಇಬ್ಬರೂ ಬರುವುದಾ? ಪಾಸ್‌ಪೋರ್ಟ್ ಅರ್ಜಿಗೆ ಇನ್ನೊಬ್ಬರ ಒಪ್ಪಿಗೆ ಕೇಳುತ್ತಾರೆ, ಅದನ್ನು ಎಷ್ಟು ದಿನದಲ್ಲಿ ಕೊಡಬೇಕು? ಕೆಲಸದ ಮೇಲೆ ಬೇರೆ ಊರಿಗೆ ಹೋಗಬೇಕಾದರೆ ಎಷ್ಟು ತಿಂಗಳು ಮುಂಚೆ ತಿಳಿಸಬೇಕು? ಇನ್ನೊಂದು ಮದುವೆಯಾದರೆ ಮಗುವಿಗೆ ಯಾರು, ಹೇಗೆ ಹೇಳುವುದು? ಈಗ ಮುಜುಗರ ಆಗುತ್ತದೆ ಎಂದು ಬಿಡಬೇಡಿ.

ಮಗುವಿನ ಖರ್ಚಿನ ಹಕ್ಕು ಮಗುವಿನದು. "ನನಗೇನೂ ಬೇಡ, ಮಗುವಿಗೂ ಬೇಡ, ಬಿಟ್ಟುಬಿಡಲಿ ಸಾಕು" ಎಂದು ಸಿಟ್ಟಿನಲ್ಲಿ ಬರೆದುಕೊಡುವ ತಾಯಂದಿರಿದ್ದಾರೆ. ನಿಮ್ಮದನ್ನು ಬಿಡುವುದು ನಿಮ್ಮ ಇಷ್ಟ. ಮಗುವಿನದನ್ನು ಬಿಟ್ಟುಕೊಡಲು ನಿಮಗೆ ಬರುವುದಿಲ್ಲ. ಪ್ರತಿ ವರ್ಷ ಶೇಕಡಾ ಎಷ್ಟು ಏರಬೇಕು ಎನ್ನುವುದನ್ನೂ ಸೇರಿಸಿ. ಫೀಸು ಎಲ್ಲೂ ನಿಂತಲ್ಲೇ ನಿಲ್ಲುವುದಿಲ್ಲ, ಅಲ್ವಾ?

ಮಗುವಿನ ವಿಷಯದ ಒಪ್ಪಂದ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಮಗು ದೊಡ್ಡದಾದ ಹಾಗೆ ಬದಲಿಸಿಕೊಡಿ ಎಂದು ಕೋರ್ಟನ್ನು ಕೇಳಬಹುದು. ಹಾಗಾಗಿ ಮೊದಲ ಒಪ್ಪಂದ ಅಳುಕಿಲ್ಲದೆ ಮಾಡಿ.

ಹೆಜ್ಜೆ 5: ಒಡವೆ, ಮನೆ, ಜೀವನಾಂಶ

ಒಡವೆಯಿಂದ ಶುರು ಮಾಡಿ. ಹೆಣ್ಣಿಗೆ ತವರಿನವರು, ಗಂಡನ ಮನೆಯವರು, ನೆಂಟರು ಕೊಟ್ಟದ್ದು ಸ್ತ್ರೀಧನ. ಅದು ಪೂರ್ತಿ ಅವಳದೇ, ಗಂಡನ ಮನೆಯ ಬೀರುವಿನಲ್ಲಿದ್ದರೂ ಅವಳದೇ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಸ್ಪಷ್ಟ ಮಾಡಿದೆ. ಆದ್ದರಿಂದ ಅದನ್ನು ಜೀವನಾಂಶದ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ. ಮದುವೆ ಫೋಟೋ, ಅಂಗಡಿಯ ಬಿಲ್ಲು ಮುಂದಿಟ್ಟುಕೊಂಡು ಪಟ್ಟಿ ಮಾಡಿ. ಸರ, ಬಳೆ, ಬೆಳ್ಳಿ ದೀಪ, ತೂಕ ಸಮೇತ. ಕೊಡುವ ದಿನ ಎರಡೂ ಕಡೆಯವರ ಎದುರಿಗೆ ತೂಗಿ, ರಸೀದಿಗೆ ಸಹಿ ಹಾಕಿಸಿಕೊಳ್ಳಿ. ನಮ್ಮ ಕೇಸಿನಲ್ಲಿ ವಾತಾವರಣ ತಿಳಿಯಾದದ್ದು ಒಡವೆ ವಾಪಸ್ ಕೊಟ್ಟ ದಿನವೇ. ಅವಳ ಅಮ್ಮ ಅಂದು ಮೊದಲ ಸಲ ನನ್ನ ತಮ್ಮನನ್ನು "ಊಟ ಆಯ್ತಾ" ಎಂದು ಕೇಳಿದರು.

ಜಂಟಿ ಮನೆ ಸಾಲ ಇದ್ದರೆ ಹುಷಾರು. "ಮನೆ ಅವಳಿಗೆ, ಸಾಲವೂ ಅವಳಿಗೆ" ಎಂದು ನೀವು ಬರೆದುಕೊಂಡ ಮಾತು ಬ್ಯಾಂಕನ್ನು ಕಟ್ಟಿಹಾಕುವುದಿಲ್ಲ. ಕಂತು ತಪ್ಪಿದರೆ ಇಬ್ಬರನ್ನೂ ಕೇಳುತ್ತಾರೆ. ಸಹಿ ಹಾಕುವ ಮುಂಚೆ ಬ್ಯಾಂಕಿಗೆ ಹೋಗಿ ಒಬ್ಬರ ಹೆಸರಿಗೆ ಸಾಲ ಬದಲಿಸಲು ಸಾಧ್ಯವೇ ಎಂದು ಕೇಳಿ. ಆಗದಿದ್ದರೆ ಮಾರಿ, ಸಾಲ ತೀರಿಸಿ, ಉಳಿದದ್ದನ್ನು ಹಂಚಿಕೊಳ್ಳುವುದೇ ನೆಮ್ಮದಿ. ಮನೆ ಒಬ್ಬರ ಹೆಸರಿಗೆ ಹೋಗುವುದಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ, ಖಾತೆ ಬದಲಿಸಿ.

ಜೀವನಾಂಶ ಒಂದೇ ಸಲವೋ ತಿಂಗಳು ತಿಂಗಳೋ? ಸಾಧ್ಯವಿದ್ದರೆ ಹೆಂಡತಿಯ ಪಾಲನ್ನು ಒಂದೇ ಸಲ ಅಥವಾ ಎರಡು ಕಂತಿನಲ್ಲಿ ಮುಗಿಸಿ, ಮಗುವಿನದನ್ನು ತಿಂಗಳು ತಿಂಗಳು ಇಡಿ ಎಂದು ನಾನು ಹೇಳುತ್ತೇನೆ. ಇಬ್ಬರು ದೊಡ್ಡವರ ನಡುವಿನ ಲೆಕ್ಕ ಬೇಗ ಮುಗಿದಷ್ಟೂ ಒಳ್ಳೆಯದು. ಇಷ್ಟೇ ಕೊಡಬೇಕು ಎನ್ನುವ ಸಿದ್ಧ ಸೂತ್ರ ಕಾನೂನಿನಲ್ಲಿ ಇಲ್ಲ. ಮದುವೆಯಾಗಿ ಎಷ್ಟು ವರ್ಷ, ಇಬ್ಬರ ದುಡಿಮೆ, ವಯಸ್ಸು, ಸಂಸಾರಕ್ಕಾಗಿ ಕೆಲಸ ಬಿಟ್ಟವರು ಯಾರು, ಇವನ್ನೆಲ್ಲ ನೋಡಬೇಕಾಗುತ್ತದೆ. ಕೆಲಸ ಬಿಟ್ಟು ಮನೆ ನೋಡಿಕೊಂಡವಳ ವರ್ಷಗಳಿಗೆ ಬೆಲೆ ಇದೆ. ಅದನ್ನು ಗಂಡನ ಕಡೆಯವರೇ ಮೊದಲು ಬಾಯಿಬಿಟ್ಟು ಹೇಳಿದರೆ ಅರ್ಧ ಮಾತು ಮುಗಿದ ಹಾಗೆ.

ಹೆಜ್ಜೆ 6: ಲಾಯರ್ ಆರಿಸುವುದು

1990ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಸ್ಟೂವರ್ಟ್ ವೆಬ್ ಎನ್ನುವ ವಕೀಲರು ಇನ್ನು ಮುಂದೆ ಡೈವೋರ್ಸ್ ಕೇಸುಗಳನ್ನು ಕೋರ್ಟಿನಲ್ಲಿ ವಾದ ಮಾಡುವುದಿಲ್ಲ, ಕೂತು ಬಗೆಹರಿಸುವುದಕ್ಕಷ್ಟೇ ಬರುತ್ತೇನೆ ಎಂದು ನಿರ್ಧರಿಸಿದರು. ಅಲ್ಲಿಂದ ಒಂದು ಪದ್ಧತಿಯೇ ಬೆಳೆಯಿತು. ಎರಡೂ ಕಡೆಯ ಲಾಯರ್‌ಗಳು ಮೊದಲೇ ಸಹಿ ಹಾಕುತ್ತಾರೆ: ಮಾತುಕತೆ ಮುರಿದು ಕೇಸು ಕೋರ್ಟಿಗೆ ಹೋದರೆ ನಾವಿಬ್ಬರೂ ಹಿಂದೆ ಸರಿಯುತ್ತೇವೆ. ಅಂದರೆ ಜಗಳ ಬೆಳೆದರೆ ಅವರಿಗೆ ಲಾಭವಿಲ್ಲ. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನಿಲ್ಲ, ಆದರೆ ಇದನ್ನು ಒಪ್ಪುವ ಲಾಯರನ್ನು ಹುಡುಕಲು ಯಾರೂ ಅಡ್ಡ ಬರುವುದಿಲ್ಲ.

ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ: "ಸರ್, ನಮಗೆ ಮ್ಯೂಚುಯಲ್ ಬೇಕು. ಮೀಡಿಯೇಷನ್‌ಗೆ ನೀವು ಜೊತೆಗೆ ಬರುತ್ತೀರಾ? ಪೂರ್ತಿ ಫೀಸು ಎಷ್ಟು?" ವಾಯಿದೆಗೆ ಇಷ್ಟು ಎನ್ನುವ ಬದಲು ಪೂರ್ತಿ ಕೆಲಸಕ್ಕೆ ಒಂದೇ ಮೊತ್ತ ಹೇಳುವವರು ಮೇಲು. ಕೂತ ಐದು ನಿಮಿಷದಲ್ಲೇ "ಮೊದಲು ಒಂದು ಕ್ರಿಮಿನಲ್ ಕೇಸು ಹಾಕಿಬಿಡೋಣ, ಆಮೇಲೆ ಅವರೇ ದಾರಿಗೆ ಬರುತ್ತಾರೆ" ಎನ್ನುವವರ ಹತ್ತಿರ ನಾವು ಆರು ತಿಂಗಳು ಕಳೆದೆವು. ದಾರಿಗೆ ಯಾರೂ ಬರಲಿಲ್ಲ. ಇಬ್ಬರಿಗೂ ಒಬ್ಬರೇ ಲಾಯರ್ ಸಾಕು ಎನ್ನಿಸಬಹುದು. ಆದರೂ ಸಹಿ ಹಾಕುವ ಮುಂಚೆ ಇನ್ನೊಬ್ಬರು ತಮ್ಮದೇ ಲಾಯರ್‌ಗೆ ಒಮ್ಮೆ ಓದಿಸಬೇಕು.

ಹಣವಿಲ್ಲ ಎಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಪ್ರತಿ ಜಿಲ್ಲಾ ಕೋರ್ಟಿನ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಇದೆ. ಸಹಾಯವಾಣಿ 15100.

ಹೆಜ್ಜೆ 7: ಮೀಡಿಯೇಷನ್ ಕೊಠಡಿಯೊಳಗೆ

ಮನೆಯಲ್ಲಿ ಎಲ್ಲವೂ ಒಪ್ಪಿತವಾದರೆ ಈ ಹೆಜ್ಜೆ ಬೇಡ. ಒಂದೆರಡು ವಿಷಯ ಸಿಕ್ಕಿಹಾಕಿಕೊಂಡರೆ ಇಲ್ಲಿಗೆ ಬನ್ನಿ. ಕೇಸು ಹಾಕುವ ಮುಂಚೆಯೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಟ್ಟು ರಾಜಿಗೆ ಕರೆಸಿ ಎಂದು ಕೇಳಬಹುದು. ಕೇಸು ಈಗಾಗಲೇ ನಡೆಯುತ್ತಿದ್ದರೆ ಮೀಡಿಯೇಷನ್‌ಗೆ ಕಳಿಸಿ ಎಂದು ಜಡ್ಜ್ ಮುಂದೆ ಕೇಳಿ. ಮೊದಲು ರಾಜಿಗೆ ಪ್ರಯತ್ನ ಮಾಡಬೇಕು ಎಂದು 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 9ನೇ ಕಲಮೇ ಹೇಳುತ್ತದೆ. 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನೂ ಒತ್ತಿ ಹೇಳಿತು.

ಬೆಂಗಳೂರಿನಲ್ಲಿ 2007ರಿಂದ ಮೀಡಿಯೇಷನ್ ಸೆಂಟರ್ ಇದೆ, ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿ. ಕೋರ್ಟಿನಿಂದ ಅಲ್ಲಿಗೆ ಕಳಿಸಿದ ಕೇಸಿಗೆ ಫೀಸು ಇಲ್ಲ. ಮೀಡಿಯೇಟರ್ ಆಗಿ ಕೂರುವವರು ತರಬೇತಿ ಪಡೆದ ವಕೀಲರು. ಅವರು ತೀರ್ಪು ಕೊಡುವುದಿಲ್ಲ, ಯಾರದು ತಪ್ಪು ಎಂದು ಹೇಳುವುದಿಲ್ಲ. ಮೊದಲು ಇಬ್ಬರನ್ನೂ ಕೂರಿಸಿ ಕೇಳುತ್ತಾರೆ. ಆಮೇಲೆ ಒಬ್ಬೊಬ್ಬರನ್ನೇ ಬೇರೆ ಕರೆಯುತ್ತಾರೆ. ಈ ಬೇರೆ ಮಾತಿನಲ್ಲೇ ಗಂಟು ಬಿಚ್ಚಿಕೊಳ್ಳುವುದು. "ಇದನ್ನು ಅವರಿಗೆ ಹೇಳಬೇಡಿ" ಎಂದರೆ ಅವರು ಹೇಳುವುದಿಲ್ಲ. ಒಳಗೆ ಆಡಿದ ಮಾತನ್ನು ನಾಳೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಎತ್ತಲು ಬರುವುದಿಲ್ಲ.

ತಮ್ಮನ ಹೆಂಡತಿ ಮೂರನೇ ಸಿಟಿಂಗ್‌ನಲ್ಲಿ ಮೀಡಿಯೇಟರ್ ಹತ್ತಿರ ಒಂದು ಮಾತು ಹೇಳಿದ್ದಳಂತೆ. ಹಣ ಎಷ್ಟಾದರೂ ಪರವಾಗಿಲ್ಲ, ನಾನು ಕೆಟ್ಟವಳು ಎಂದು ಅವರ ಊರಲ್ಲಿ ಹೇಳಿಕೊಂಡು ಬಂದಿದ್ದಾರೆ, ಅದು ನಿಲ್ಲಬೇಕು. ಆಮೇಲೆ ಅವಳ ಒಪ್ಪಿಗೆ ಪಡೆದೇ ಅವರು ಅದನ್ನು ನಮಗೆ ಹೇಳಿದರು. ಹೇಳಿಕೊಂಡು ಬಂದವರಲ್ಲಿ ನಾನೂ ಒಬ್ಬಳು. ಅಂದು ಹೊರಗೆ ಕಾರಿಡಾರಿನಲ್ಲಿ ಅವಳ ಹತ್ತಿರ ಹೋಗಿ ತಪ್ಪಾಯಿತು ಎಂದೆ. ಅವಳು ಏನೂ ಹೇಳಲಿಲ್ಲ, ತಲೆಯಾಡಿಸಿದಳು. ಮುಂದಿನ ಎರಡು ಸಿಟಿಂಗ್‌ನಲ್ಲಿ ಎಲ್ಲ ಮುಗಿಯಿತು. ನಿಮ್ಮ ಕಡೆಯಿಂದ ಕೇಳಬೇಕಾದ ಕ್ಷಮೆ ಏನಾದರೂ ಇದ್ದರೆ, ಲಾಯರ್ ನೋಟಿಸಿನಲ್ಲಿ ಉತ್ತರ ಬರೆಯುವ ಬದಲು ಈ ಕೊಠಡಿಯಲ್ಲಿ ಬಾಯಿಂದ ಹೇಳಿ.

ಒಂದು ಸಿಟಿಂಗ್ ಕೆಟ್ಟಿತು ಎಂದು ಎದ್ದು ಬರಬೇಡಿ. ಬಾಯಿಗೆ ಬಂದದ್ದನ್ನು ವಾಟ್ಸಾಪಿನಲ್ಲಿ ಬರೆಯಬೇಡಿ. ಅಂದು ಒಪ್ಪಿದ್ದನ್ನು ಅಂದೇ ಬರೆಸಿಕೊಳ್ಳಿ.

ಹೆಜ್ಜೆ 8: ಒಪ್ಪಂದದ ಕಾಗದ

ಮಗುವಿನ ವಿಷಯ, ಹಣದ ವಿಷಯ, ಒಡವೆ ಪಟ್ಟಿ, ಆಸ್ತಿ, ಎಲ್ಲವೂ ದಿನಾಂಕ ಸಮೇತ ಇಲ್ಲಿ ಬರಬೇಕು. ಹಣವನ್ನು ಡಿಡಿ ಮೂಲಕ ಕೊಡುವುದು ರೂಢಿ. ಒಂದು ಭಾಗ ಅರ್ಜಿ ಹಾಕುವಾಗ, ಉಳಿದದ್ದು ಕೊನೆಯ ದಿನ ಜಡ್ಜ್ ಮುಂದೆ. ಪೂರ್ತಿ ಹಣ ಮೊದಲೇ ಕೊಡುವುದೂ ಬೇಡ, ಪೂರ್ತಿ ಕೊನೆಗೆ ಇಡುವುದೂ ಬೇಡ.

ಕ್ರಿಮಿನಲ್ ಕೇಸು ಇದ್ದರೆ ಅದನ್ನು ಮರೆತು ಸಹಿ ಹಾಕಬೇಡಿ. ಹೆಂಡತಿಗೆ ಕಿರುಕುಳದ ಕೇಸು, ಅಂದರೆ ಹಳೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮು, ಇಬ್ಬರೂ ರಾಜಿಯಾದೆವು ಎಂದ ಮಾತ್ರಕ್ಕೆ ಕೆಳಗಿನ ಕೋರ್ಟಿನಲ್ಲಿ ವಾಪಸ್ ಹೋಗುವುದಿಲ್ಲ. ಲೋಕ ಅದಾಲತ್‌ನಲ್ಲೂ ಆಗುವುದಿಲ್ಲ. ಹೈಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು. ಗಂಡ ಹೆಂಡತಿ ನಿಜವಾಗಿ ರಾಜಿಯಾಗಿದ್ದರೆ ಹಾಗೆ ರದ್ದು ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2003ರಿಂದಲೂ ಹೇಳುತ್ತಾ ಬಂದಿದೆ. ಬೆಂಗಳೂರು, ಧಾರವಾಡ, ಕಲಬುರಗಿ, ನಿಮ್ಮ ಜಿಲ್ಲೆ ಯಾವ ಪೀಠಕ್ಕೆ ಬರುತ್ತದೋ ಅಲ್ಲಿ. ಇದಕ್ಕೆ ಹೆಂಡತಿ ಬಂದು ಸಹಕರಿಸುತ್ತಾಳೆ, ಕೊನೆಯ ಕಂತು ಆ ದಿನ ಕೊಡಲಾಗುತ್ತದೆ ಎಂದು ಕಾಗದದಲ್ಲೇ ಇರಲಿ. ಜೀವನಾಂಶದ ಕೇಸು, ಕೌಟುಂಬಿಕ ದೌರ್ಜನ್ಯದ ಅರ್ಜಿ, ಮಗುವಿನ ಕಸ್ಟಡಿ ಅರ್ಜಿ, ಪ್ರತಿಯೊಂದರ ನಂಬರ್ ಬರೆದು ಯಾವುದು ಯಾವಾಗ ವಾಪಸ್ ಎಂದು ಹಾಕಿ.

ಕನ್ನಡದಲ್ಲೇ ಬರೆಸಿ, ಅಥವಾ ಕನ್ನಡದಲ್ಲಿ ಓದಿಸಿ ಕೇಳಿಸಿಕೊಳ್ಳಿ. ಅರ್ಥವಾಗದ ಸಾಲಿಗೆ ಸಹಿ ಬೇಡ.

ಹೆಜ್ಜೆ 9: ಅರ್ಜಿ ಮತ್ತು ಆರು ತಿಂಗಳು

ಮದುವೆ ಆದ ಊರು, ಕೊನೆಯದಾಗಿ ಒಟ್ಟಿಗೆ ಇದ್ದ ಊರು, ಹೆಂಡತಿ ಈಗ ಇರುವ ಊರು, ಇವುಗಳಲ್ಲಿ ಎಲ್ಲಿ ಅನುಕೂಲವೋ ಅಲ್ಲಿ ಇಬ್ಬರೂ ಸೇರಿ ಒಂದೇ ಅರ್ಜಿ ಹಾಕುತ್ತೀರಿ. ಮದುವೆ ಫೋಟೋ, ಲಗ್ನಪತ್ರಿಕೆ ಅಥವಾ ನೋಂದಣಿ ಪತ್ರ, ಇಬ್ಬರ ಆಧಾರ್, ಒಪ್ಪಂದದ ಕಾಗದ ಬೇಕಾಗುತ್ತವೆ.

ಅರ್ಜಿ ಹಾಕಿದ ದಿನದಿಂದ ಆರು ತಿಂಗಳ ನಂತರ, ಹದಿನೆಂಟು ತಿಂಗಳ ಒಳಗೆ ಇಬ್ಬರೂ ಮತ್ತೆ ಬಂದು "ನಮ್ಮ ಮನಸ್ಸು ಬದಲಾಗಿಲ್ಲ" ಎಂದು ಹೇಳಬೇಕು. ಈ ಆರು ತಿಂಗಳನ್ನು ಮನ್ನಾ ಮಾಡುವ ಅಧಿಕಾರ ಕೋರ್ಟಿಗೆ ಇದೆ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೆ ಷರತ್ತುಗಳಿವೆ. ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕು, ಮತ್ತೆ ಕೂಡಿಸುವ ಪ್ರಯತ್ನಗಳು ವಿಫಲವಾಗಿರಬೇಕು, ಜೀವನಾಂಶ ಮತ್ತು ಮಗುವಿನ ವಿಷಯ ನಿಜವಾಗಿ ಬಗೆಹರಿದಿರಬೇಕು, ಇನ್ನೂ ಕಾದರೆ ನೋವು ಬೆಳೆಯುತ್ತದೆ ಅಷ್ಟೇ ಎಂದು ಕೋರ್ಟಿಗೆ ಅನ್ನಿಸಬೇಕು. ಮೊದಲ ಅರ್ಜಿ ಹಾಕಿ ಒಂದು ವಾರ ಕಳೆದ ಮೇಲೆ ಕಾರಣ ಕೊಟ್ಟು ಈ ಮನ್ನಾ ಕೇಳಬಹುದು. ಹಿಂದಿನ ಹೆಜ್ಜೆಗಳನ್ನು ಸರಿಯಾಗಿ ಮಾಡಿದವರಿಗೆ ಇದು ಕಷ್ಟವಾಗುವುದಿಲ್ಲ.

ತೀರ್ಪು ಬರುವವರೆಗೆ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ಪಡೆಯಬಹುದು. ಅದಕ್ಕೇ ಈ ತಿಂಗಳುಗಳಲ್ಲಿ ಕೊಟ್ಟ ಮಾತಿನಂತೆ ನಡೆದುಕೊಳ್ಳಿ. ಭೇಟಿಯ ದಿನ ತಪ್ಪಿಸಬೇಡಿ, ಮಗುವಿನ ಹಣ ಒಂದು ದಿನವೂ ತಡ ಮಾಡಬೇಡಿ.

ಹೊರದೇಶದಲ್ಲಿ ಇರುವವರಿಗೆ

ಪ್ರತಿ ಸಲ ಊರಿಗೆ ಬರಬೇಕಾಗಿಲ್ಲ. ಭಾರತದ ದೂತಾವಾಸದಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕೊಟ್ಟು, ಕೋರ್ಟ್ ಅನುಮತಿ ಪಡೆದು ವಿಡಿಯೋ ಮೂಲಕ ಹೇಳಿಕೆ ಕೊಡಬಹುದು. ಆದರೆ ಇಲ್ಲಿ ಹಿಂದೂ ಪದ್ಧತಿಯಲ್ಲಿ ಮದುವೆಯಾಗಿ ಅಲ್ಲಿನ ಕೋರ್ಟಿನಲ್ಲಿ ಒಬ್ಬರೇ ಪಡೆದ ಡೈವೋರ್ಸ್ ಇಲ್ಲಿ ತಾನಾಗಿಯೇ ನಡೆಯುವುದಿಲ್ಲ. 1991ರ ಸುಪ್ರೀಂ ಕೋರ್ಟ್ ತೀರ್ಪು ಅದನ್ನು ಸ್ಪಷ್ಟ ಮಾಡಿದೆ. ಮಗುವನ್ನು ಹೇಳದೆ ಕೇಳದೆ ಭಾರತಕ್ಕೆ ಕರೆತರುವುದಂತೂ ಬೇಡವೇ ಬೇಡ. ಹೀಗೆ ಬೇರೆ ದೇಶಕ್ಕೆ ಕರೆದೊಯ್ದ ಮಕ್ಕಳನ್ನು ವಾಪಸ್ ಕಳಿಸುವ ಬಗ್ಗೆ ದೇಶಗಳು ಮಾಡಿಕೊಂಡ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಎರಡು ದೇಶದ ಕೋರ್ಟುಗಳ ನಡುವೆ ಮಗು ವರ್ಷಗಟ್ಟಲೆ ಸಿಕ್ಕಿಬೀಳುತ್ತದೆ.

ತೀರ್ಪು ಕೈಗೆ ಬಂದ ಮೇಲೆ

ದೃಢೀಕೃತ ನಕಲು ನಾಲ್ಕೈದು ತೆಗೆದುಕೊಳ್ಳಿ. ಫ್ಯಾಮಿಲಿ ಕೋರ್ಟಿನ ಒಪ್ಪಿಗೆಯ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಪಿಎಫ್, ಎಲ್‌ಐಸಿ, ಬ್ಯಾಂಕ್, ಕಂಪನಿಯ ಆರೋಗ್ಯ ವಿಮೆ, ಎಲ್ಲ ಕಡೆ ನಾಮಿನಿ ಬದಲಿಸಿ. ರೇಷನ್ ಕಾರ್ಡ್, ಜಂಟಿ ಖಾತೆ, ಗ್ಯಾಸ್ ಕನೆಕ್ಷನ್ ನೋಡಿಕೊಳ್ಳಿ. ಒಪ್ಪಂದದಲ್ಲಿ ಆಸ್ತಿ ಇದ್ದು, ಅದು ಅರ್ಜಿಯ ವಿಷಯವೇ ಆಗಿರದಿದ್ದರೆ ತೀರ್ಪು ಒಂದೇ ಸಾಲದು, ನೋಂದಣಿಯೂ ಬೇಕು. ಲಾಯರ್ ಹತ್ತಿರ ಈ ಒಂದು ಮಾತನ್ನು ತಪ್ಪದೆ ಕೇಳಿ.

ಮಗುವಿನ ಶಾಲೆಗೆ ಇಬ್ಬರೂ ಒಟ್ಟಿಗೆ ಒಂದು ಸಲ ಹೋಗಿ ಬನ್ನಿ. ಕ್ಲಾಸ್ ಟೀಚರ್‌ಗೆ ವಿಷಯ ತಿಳಿಸಿ. ಇಬ್ಬರ ಫೋನ್ ನಂಬರನ್ನೂ ಬರೆಸಿ, ಯಾವ ದಿನ ಯಾರು ಕರೆದುಕೊಂಡು ಹೋಗುತ್ತಾರೆ ಎನ್ನುವ ಚೀಟಿ ಕೊಡಿ. ನಮ್ಮ ಹುಡುಗಿಯ ಡೈರಿಯ ಮೊದಲ ಪುಟದಲ್ಲಿ ಆ ಚೀಟಿ ಅಂಟಿಸಿದೆ. ಶುಕ್ರವಾರ ಅಪ್ಪ, ಉಳಿದ ದಿನ ಅಮ್ಮ. ಕೆಳಗೆ ಅವಳೇ ಪೆನ್ಸಿಲ್‌ನಲ್ಲಿ "ಅತ್ತೆಯೂ ಬರಬಹುದು" ಎಂದು ಬರೆದುಕೊಂಡಿದ್ದಾಳೆ.